ಅಕ್ಕಿ ಹೆಚ್ಚಾಯಿತು ಎಂದವಳು: ಕನ್ನಡ ಕಥನದಲ್ಲಿ ಪರಿಪೂರ್ಣತೆಯ ಹಟಗಾರರು

ಕಥೆ ಬರೆಯಲು ಕೂತ ಹೊಸಬರು ಈಚೆಗೆ ಪಾತ್ರಕ್ಕೆ ಹೆಸರಿಡುವ ಮೊದಲೇ ಮೈಯರ್ಸ್–ಬ್ರಿಗ್ಸ್ ಸ್ವಭಾವ ಪರೀಕ್ಷೆಯ ನಾಲ್ಕು ಅಕ್ಷರ ಅಂಟಿಸುತ್ತಾರೆ. ಐಎಸ್‌ಟಿಜೆ ಎಂದರೆ ನಿಯಮ ಮೀರದ ಲೆಕ್ಕದ ಮನುಷ್ಯ. ಐಎನ್‌ಟಿಜೆ ಎಂದರೆ ಎಲ್ಲವನ್ನೂ ತಲೆಯಲ್ಲೇ ಯೋಜಿಸಿಟ್ಟು, ಲೋಕ ಅದರಂತೆ ನಡೆಯದಿದ್ದರೆ ಸಿಡುಕುವವನು. ಇನ್ನು ಕೆಲವರು ಎನ್ನಿಯಾಗ್ರಾಮ್ ಎಂಬ ಒಂಬತ್ತು ಮೊನೆಯ ನಕ್ಷೆ ಬಿಡಿಸಿ, ‘ನನ್ನ ನಾಯಕಿ ಒಂದನೆಯ ನಮೂನೆ, ಪರ್ಫೆಕ್ಷನಿಸ್ಟ್’ ಎಂದು ಗುರುತು ಹಾಕಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಇದನ್ನು ಕಂಡು ಮೂಗು ಮುರಿಯುವ ಹಿರಿಯರಿದ್ದಾರೆ. ಅವರ ಸಾಲಿನಲ್ಲಿ ನಾನು ಪೂರ್ತಿಯಾಗಿ ನಿಲ್ಲಲಾರೆ. ನಾಲ್ಕಕ್ಷರದ ಆ ಪದ್ಧತಿ ಕಟ್ಟಿದ ಅಮೆರಿಕದ ಇಸಾಬೆಲ್ ಮೈಯರ್ಸ್ ಸ್ವತಃ ಕಾದಂಬರಿಕಾರ್ತಿ. 1929ರಲ್ಲಿ ಪತ್ತೇದಾರಿ ಕಾದಂಬರಿಗಳ ಸ್ಪರ್ಧೆಯೊಂದರಲ್ಲಿ ಬಹುಮಾನ ಗೆದ್ದವಳು. ಅವಳ ತಾಯಿ ಕ್ಯಾಥರಿನ್ ಬ್ರಿಗ್ಸ್ ಜೀವನಚರಿತ್ರೆಗಳನ್ನು ಓದಿ ಓದಿ ಮನುಷ್ಯರ ಬಗೆಗಳನ್ನು ಬೇರ್ಪಡಿಸಲು ಹೊರಟಿದ್ದವಳು. ಕಾರ್ಲ್ ಯೂಂಗ್‌ನ ‘ಮಾನಸಿಕ ಬಗೆಗಳು’ ಗ್ರಂಥ (1921) ಕೈಗೆ ಸಿಕ್ಕ ಮೇಲೆ ತನ್ನ ವಿಂಗಡಣೆಯನ್ನು ಬದಿಗಿಟ್ಟು ಅವನ ದಾರಿ ಹಿಡಿದಳು. ಹಾಗಾಗಿ ಕಥೆಗಾರರು ಈ ಪದ್ಧತಿಯ ಬಾಗಿಲು ತಟ್ಟುವುದರಲ್ಲಿ ಅಂಥ ಅಪಚಾರವೇನೂ ಇಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ತಪ್ಪನ್ನು ಸಹಿಸದ, ಕೊರತೆಯನ್ನು ಕಂಡರೆ ನಿದ್ದೆಗೆಡುವ ಮನುಷ್ಯನನ್ನು ಕಥೆಯಲ್ಲಿ ನಿಲ್ಲಿಸುವ ಕೆಲಸವನ್ನು ಕನ್ನಡ ಬಹಳ ಹಿಂದಿನಿಂದ ಮಾಡುತ್ತ ಬಂದಿದೆ. ಅದರ ಒಂದು ಮುಖ್ಯ ಎಳೆ ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನೆಲದಲ್ಲೇ ಸಿಗುತ್ತದೆ. ಆ ಎಳೆ ಹಿಡಿದು ನೋಡಿದರೆ, ಹೊರಗಿನಿಂದ ಬಂದ ನಮೂನೆಗಳು ಎಲ್ಲಿ ಕೆಲಸಕ್ಕೆ ಬರುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ಮಸ್ಕಿಯಿಂದಲೇ ಶುರು ಮಾಡೋಣ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಬರಹ ಕಂಡ. ಅಲ್ಲಿಯತನಕ ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದರು. ಹೆಸರು ಸ್ಪಷ್ಟವಾಗಿ ಓದಸಿಕ್ಕಿದ್ದು ಮಸ್ಕಿಯಲ್ಲಿ. ಮುಂದೆ ತುಂಗಭದ್ರೆಯ ಆಚೆ ದಂಡೆಯ ನಿಟ್ಟೂರು, ಉದೇಗೊಳಗಳಲ್ಲೂ ಆ ಹೆಸರು ಸಿಕ್ಕಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇಷ್ಟು ಬಾಯಿಪಾಠ. ಕಥೆ ಬರೆಯುವವರು ಗಮನಿಸಬೇಕಾದದ್ದು ಶಾಸನದ ಒಳಗಿನ ದನಿಯನ್ನು. ಈ ಕಿರು ಶಾಸನದಲ್ಲಿ ದೊರೆ ತನ್ನ ಗೆಲುವುಗಳನ್ನು ಹೇಳಿಕೊಳ್ಳುವುದಿಲ್ಲ. ತಾನು ಬೌದ್ಧನಾಗಿ ಎರಡೂವರೆ ವರ್ಷವಾಯಿತು, ಸಂಘಕ್ಕೆ ಹತ್ತಿರವಾಗಿ ಒಂದು ವರ್ಷಕ್ಕೂ ಮಿಕ್ಕಿತು ಎಂದು ತನ್ನ ಪ್ರಯತ್ನಕ್ಕೆ ಲೆಕ್ಕ ಇಡುತ್ತಾನೆ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ, ಮೊದಲ ಅವಧಿಯಲ್ಲಿ ತನ್ನ ಶ್ರಮ ಸಾಲಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾನೆ. ಸಾಮ್ರಾಟನೊಬ್ಬ ತನ್ನನ್ನೇ ತೂಗಿ, ಮೊದಲ ತೂಕ ಕಡಿಮೆ ಬಂತೆಂದು ಕಲ್ಲಿನಲ್ಲಿ ಕೊರೆಸಿದ್ದಾನೆ. ಇದು ಕಥೆಯಲ್ಲ, ಪ್ರಜೆಗಳಿಗೆ ಮಾಡಿದ ಘೋಷಣೆ. ಆದರೂ ತನಗೆ ತಾನೇ ಅಳತೆಗೋಲು ಹಿಡಿದ ಮನುಷ್ಯನ ಮೊದಮೊದಲ ಚಿತ್ರಗಳಲ್ಲಿ ಒಂದು ನಮ್ಮ ಮಸ್ಕಿಯ ಬಂಡೆಯ ಮೇಲಿದೆ ಎನ್ನಲು ಅಡ್ಡಿಯಿಲ್ಲ.

ಕಾವ್ಯಕ್ಕೆ ಬಂದರೆ ಬಗೆಗಳ ಪಟ್ಟಿಗಳೇ ಪಟ್ಟಿಗಳು. ನಾಟ್ಯಶಾಸ್ತ್ರದ ಪರಂಪರೆ ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕು ಮಾಡಿತು. ಭಗವದ್ಗೀತೆ ಊಟದಿಂದ ಹಿಡಿದು ದಾನದವರೆಗೆ ಎಲ್ಲವನ್ನೂ ಮೂರು ಗುಣಗಳಲ್ಲಿ ಹಂಚಿತು. ಚರಕ ಸಂಹಿತೆಯ ಶಾರೀರಸ್ಥಾನ ಮನಸ್ಸಿನ ಪ್ರಕೃತಿಗಳನ್ನು ಎಣಿಸುತ್ತದೆ: ಸಾತ್ವಿಕ ಏಳು, ರಾಜಸ ಆರು, ತಾಮಸ ಮೂರು, ಒಟ್ಟು ಹದಿನಾರು. ಮೈಯರ್ಸ್‌ಳ ಪದ್ಧತಿಯಲ್ಲೂ ಹದಿನಾರೇ ಬಗೆ. ಇದು ಬರೀ ಕಾಕತಾಳೀಯ. ಆದರೂ ‘ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು’ ಎನ್ನುವ ಭಾಷಣಕಾರರ ಕಿವಿಗೆ ಇದು ಬೀಳದಿರಲಿ.

941ರಲ್ಲಿ ಪಂಪ ತನ್ನ ಭಾರತದ ಕೊನೆಯಲ್ಲಿ ಒಂದು ವಿಚಿತ್ರ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ಒಬ್ಬೊಬ್ಬ ವೀರನಿಗೂ ಒಂದೊಂದು ಗುಣ ಹಂಚಿಕೊಟ್ಟ. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ, ಉನ್ನತಿಗೆ ಭೀಷ್ಮ, ಹೀಗೆ. ಮೇಲ್ನೋಟಕ್ಕೆ ಇದು ಈಗಿನವರ ನಮೂನೆಪಟ್ಟಿಯಂತೆಯೇ ಕಾಣುತ್ತದೆ. ಆದರೆ ಪಂಪ ಆ ಪಟ್ಟಿ ಕೊಟ್ಟದ್ದು ಕಾವ್ಯದ ಕೊನೆಯಲ್ಲಿ, ಆ ಪಾತ್ರಗಳು ಹದಿನಾಲ್ಕು ಆಶ್ವಾಸಗಳಲ್ಲಿ ಬದುಕಿ ಸತ್ತ ಮೇಲೆ. ಅದನ್ನೇ ಮೊದಲ ಪುಟದಲ್ಲಿ ಇಟ್ಟಿದ್ದರೆ ಕರ್ಣನ ಸಾವಿಗೆ ಯಾರೂ ಅಳುತ್ತಿರಲಿಲ್ಲ. ನಾಲ್ಕಕ್ಷರ ಅಂಟಿಸಿಕೊಂಡು ಬರೆಯಲು ಕೂರುವವರಿಗೆ ನಾನು ಮೊದಲು ತೋರಿಸುವುದು ಈ ವ್ಯತ್ಯಾಸವನ್ನು.

ಹಂಪಿಯ ರಾಘವಾಂಕ ಇನ್ನೊಂದು ಹೆಜ್ಜೆ ಮುಂದೆ ಹೋದ. ಅವನ ಹರಿಶ್ಚಂದ್ರನಿಗೆ ಇರುವುದು ಒಂದೇ ಹಟ. ಅಂಥ ಪಾತ್ರವನ್ನು ಒಂಟಿಯಾಗಿ ಬಿಟ್ಟರೆ ಅದು ಗೋಡೆಗೆ ತೂಗುಹಾಕಿದ ಪಟವಾಗುತ್ತದೆ. ರಾಘವಾಂಕ ಎದುರಿಗೆ ವಿಶ್ವಾಮಿತ್ರನನ್ನು ನಿಲ್ಲಿಸಿದ. ಸುಳ್ಳು ಹೇಳಿಸಲೇಬೇಕೆಂಬ ಅವನ ಹಟವೂ ಅಷ್ಟೇ ಪರಿಪೂರ್ಣ. ಅವನು ಬಿಗಿ ಹೆಚ್ಚಿಸಿದಂತೆಲ್ಲ ಇವನ ಸತ್ಯ ಹೊಸ ಹೊಸ ಬೆಲೆ ಕೇಳುತ್ತದೆ: ರಾಜ್ಯ, ಹೆಂಡತಿ, ಮಗ, ಕೊನೆಗೆ ಸುಡುಗಾಡಿನ ಕಾವಲು. ಹಟಗಾರನ ಪಾತ್ರಕ್ಕೆ ಜೀವ ಬರುವುದು ಅವನನ್ನು ಅಳೆಯುವ ಇನ್ನೊಬ್ಬ ಪಕ್ಕದಲ್ಲಿದ್ದಾಗ ಎಂಬುದು ಕನ್ನಡ ಕಥನಕ್ಕೆ ಆಗಲೇ ಕರಗತವಾಗಿತ್ತು.

ಆ ಇನ್ನೊಬ್ಬ ಹೆಂಡತಿಯೇ ಆದರೆ? ಅಲ್ಲಿಂದ ಲಿಂಗಸುಗೂರಿಗೆ ಬರಬೇಕು.

ಲಿಂಗಸುಗೂರು ತಾಲ್ಲೂಕಿನಲ್ಲಿ ಗುರುಗುಂಟಾದ ಸಮೀಪ ಅಮರೇಶ್ವರ ಇದೆ. ಜಾತ್ರೆಗೆ ಹೆಸರಾದ ಕ್ಷೇತ್ರ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಕಲ್ಯಾಣಕ್ಕೆ ಹೋದ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಇಬ್ಬರ ವಚನಗಳ ಅಂಕಿತದಲ್ಲೂ ಊರ ದೇವರು ಅಮರೇಶ್ವರಲಿಂಗ ಇದ್ದಾನೆ. ಲಕ್ಕಮ್ಮ ತನ್ನ ಅಂಕಿತದೊಳಗೆ ಗಂಡನ ಹೆಸರನ್ನೂ ಸೇರಿಸಿಕೊಂಡಿದ್ದಾಳೆ. ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಅದರಿಂದಲೇ ಜಂಗಮ ದಾಸೋಹ, ಅದರಿಂದಲೇ ಮನೆಯ ಊಟ. ಕಾಯಕದಲ್ಲಿ ತೊಡಗಿದ್ದಾಗ ಗುರು ಬಂದರೂ ಲಿಂಗಪೂಜೆಯ ಹೊತ್ತಾದರೂ ಅದನ್ನು ಮರೆತೇ ಇರಬೇಕು ಎಂಬಷ್ಟು ದೂರಕ್ಕೆ ಹೋದವನು ಅವನು. ಅಷ್ಟು ಕಟ್ಟುನಿಟ್ಟಿನ ಮನುಷ್ಯ.

ಶೂನ್ಯಸಂಪಾದನೆ ಇವನ ಕಥೆಯನ್ನು ಹೇಳುವ ಬಗೆ ನೋಡಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿ, ಮುಂದೆ ಗೂಳೂರ ಸಿದ್ಧವೀರಣ್ಣನವರೆಗೆ ಹಲವರ ಕೈಯಲ್ಲಿ ಬೆಳೆದ ಗ್ರಂಥ ಅದು. ವಚನಗಳನ್ನು ಸಂಭಾಷಣೆಯಾಗಿ ಜೋಡಿಸಿ, ಬೇರೆ ಬೇರೆ ಶರಣರನ್ನು ಅಲ್ಲಮಪ್ರಭುವಿನ ಎದುರು ನಿಲ್ಲಿಸುತ್ತದೆ. ನಾಟಕಕಾರನ ಕಣ್ಣು ಇರುವ ಸಂಕಲನ. ಮಾರಯ್ಯ ಪ್ರಭುವಿನ ಅನುಭಾವದ ಮಾತು ಕೇಳುತ್ತ ಮೈಮರೆತು ಕೂರುತ್ತಾನೆ. ಕಾಯಕ ನಿಂತುಹೋದದ್ದನ್ನು ನೆನಪಿಸುವವಳು ಲಕ್ಕಮ್ಮ. ಅವನು ದಡಬಡಿಸಿ ಓಡುತ್ತಾನೆ, ಅಕ್ಕಿ ಆಯುತ್ತಾನೆ, ಆ ದಿನ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ತಡವಾದ ತಪ್ಪಿಗೆ ಹೆಚ್ಚು ಕೆಲಸದ ಪರಿಹಾರ ಎಂದು ಅವನು ಅಂದುಕೊಂಡನೋ ಏನೋ, ಪಠ್ಯ ಅದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ತಪ್ಪಿದ್ದನ್ನು ತುಂಬಿಕೊಡುವ ಅವಸರ ಗೊತ್ತಿರುವವರಿಗೆ ಆ ಹೆಜ್ಜೆಯ ಸದ್ದು ಪರಿಚಿತ. ಲಕ್ಕಮ್ಮ ಅಕ್ಕಿಯನ್ನು ನೋಡಿ ಸಂತೋಷಪಡುವುದಿಲ್ಲ. ಇದು ನಮ್ಮ ದಿನದ ಅಳತೆಯಲ್ಲ, ಇಷ್ಟು ಅಕ್ಕಿಯ ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸುತ್ತಾಳೆ.

ಈಗ ಇವಳನ್ನು ಎನ್ನಿಯಾಗ್ರಾಮಿನ ಒಂದನೇ ಮೊನೆಯಲ್ಲಿ ಕೂರಿಸಿ ನೋಡಿ. ಸರಿ–ತಪ್ಪಿನ ನಿಖರ ಪ್ರಜ್ಞೆ ಇದೆ. ಇನ್ನೊಬ್ಬರನ್ನು ತಿದ್ದುವ ಸ್ವಭಾವ ಇದೆ. ಆಸೆಯ ಬಗ್ಗೆ ಅನುಮಾನ ಇದೆ. ಒಂದನೆಯ ನಮೂನೆಯ ಮೂಲದಲ್ಲಿ ಅದುಮಿಟ್ಟ ಸಿಟ್ಟು ಇರುತ್ತದೆ ಎನ್ನುತ್ತಾರೆ, ಅದನ್ನೂ ಹುಡುಕಿದರೆ ಸಿಕ್ಕೀತು. ಆದರೂ ಅವಳು ಆ ಮೊನೆಯಲ್ಲಿ ಕೂರುವುದಿಲ್ಲ. ಪಶ್ಚಿಮದ ಮನೋವಿಜ್ಞಾನ ಚಿತ್ರಿಸಿದ ಪರಿಪೂರ್ಣತಾವಾದಿಯ ಕೊರಗು ‘ಇನ್ನೂ ಸಾಲದು’ ಎಂಬುದು. ಲಕ್ಕಮ್ಮನ ತಕರಾರು ‘ಇದು ಹೆಚ್ಚಾಯಿತು’ ಎಂಬುದು. ಅವಳ ಹಟ ಸಾಕು ಎಂಬ ಗೆರೆಯನ್ನು ಕಾಯುತ್ತದೆ. ಕೊರತೆಯಷ್ಟೇ ಹೆಚ್ಚಳವನ್ನೂ ದೋಷವಾಗಿ ಕಾಣುವ ಇಂಥ ಪಾತ್ರಕ್ಕೆ ಯಾವ ನಕ್ಷೆಯಲ್ಲೂ ಜಾಗ ಮಾಡಿಲ್ಲ. ನಮೂನೆ ಹಿಡಿದು ಅವಳನ್ನು ಬರೆದರೆ ಗಂಡನನ್ನು ಗದರುವ ಒಬ್ಬ ಹೆಂಗಸು ಕೈಗೆ ಸಿಗುತ್ತಾಳೆ, ಲಕ್ಕಮ್ಮ ಸಿಗುವುದಿಲ್ಲ.

ಅದೇ ಗ್ರಂಥದಲ್ಲಿ ನುಲಿಯ ಚಂದಯ್ಯನೂ ಇದ್ದಾನೆ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೆ, ಬಿದ್ದ ಲಿಂಗವನ್ನೇ ಬಿಟ್ಟು ನಡೆದವನು. ಲಿಂಗವೇ ಬೆನ್ನು ಹತ್ತಿ ಬಂದಾಗ ಅದಕ್ಕೂ ಕಾಯಕ ಹಚ್ಚಿದವನು. ದೇವರನ್ನೂ ರಿಯಾಯಿತಿ ಇಲ್ಲದೆ ಅಳೆಯುವ ಈ ಹಾಸ್ಯ ನನಗೆ ಮಾರಯ್ಯನ ಕಥೆಗಿಂತ ಒಂದು ತೂಕ ಹೆಚ್ಚೇ ಇಷ್ಟ. ದಕ್ಷಿಣದ ಜಕಣಾಚಾರಿಯ ಐತಿಹ್ಯ ಎಲ್ಲರಿಗೂ ಗೊತ್ತು: ವಿಗ್ರಹದಲ್ಲಿ ದೋಷ ತೋರಿಸಿದರೆ ಕೈ ಕತ್ತರಿಸಿಕೊಳ್ಳುವೆ ಎಂದ ಶಿಲ್ಪಿ, ಕಲ್ಲಿನೊಳಗಿನ ಕಪ್ಪೆ, ತೋರಿಸಿಕೊಟ್ಟ ಹುಡುಗ ಮಗನೇ ಆಗಿರುವುದು. ಈ ಐತಿಹ್ಯ ನಡೆದದ್ದೆನ್ನುವ ಬೇಲೂರಿನ ಶಾಸನಗಳು ದಾಸೋಜ, ಚಾವಣರಂಥ ಬೇರೆ ಶಿಲ್ಪಿಗಳ ಹೆಸರು ಹೇಳುತ್ತವೆ. ಜನ ಮಾತ್ರ ಈ ಕಥೆಯನ್ನೇ ಇಟ್ಟುಕೊಂಡರು. 1964ರಲ್ಲಿ ಬಿ.ಎಸ್. ರಂಗಾ ಇದನ್ನು ‘ಅಮರಶಿಲ್ಪಿ ಜಕಣಾಚಾರಿ’ ಎಂದು ತೆರೆಗೆ ತಂದಾಗ ಅದು ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಯಿತು. ಇಲ್ಲೂ ಅಳೆಯುವವನು ಹೊರಗಿನಿಂದಲೇ ಬರಬೇಕಾಯಿತು.

ಪಶ್ಚಿಮದಲ್ಲಿ ಈ ವಿದ್ಯೆ ನಡೆದು ಬಂದ ದಾರಿ ಬೇರೆ. ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಗ್ರೀಕರ ಪೇಟೆಬೀದಿಯಲ್ಲಿ ಕಾಣುವ ಮೂವತ್ತು ಬಗೆಯ ಮನುಷ್ಯರನ್ನು ಪುಟ್ಟ ಪುಟ್ಟ ಚಿತ್ರಗಳಲ್ಲಿ ಬರೆದ. ಕಾದಂಬರಿ ಬೆಳೆದ ಮೇಲೆ ಪರಿಪೂರ್ಣತೆಯ ಹಟ ಒಂದು ದೊಡ್ಡ ವಸ್ತುವಾಯಿತು. ಬಾಲ್ಜಾಕನ ಕಥೆಯೊಂದರ ಮುದಿ ಚಿತ್ರಕಾರ ವರ್ಷಗಟ್ಟಲೆ ತಿದ್ದಿದ ಚಿತ್ರದಲ್ಲಿ ಕೊನೆಗೆ ಕಾಣುವುದು ಗೆರೆಗಳ ಗೋಜಲಿನ ನಡುವೆ ಒಂದು ಪಾದ ಮಾತ್ರ. ವಿಕ್ಟರ್ ಹ್ಯೂಗೋನ ಪೊಲೀಸು ಜಾವೇರ್‌ಗೆ ಕಾನೂನು ಒಂದೆಡೆ ಸಡಿಲಾದರೆ ಬದುಕಲು ನೆಲವೇ ಇಲ್ಲ. ಕಾಮುನ ‘ಪ್ಲೇಗ್’ನಲ್ಲಿ (1947) ಗ್ರಾಂಡ್ ಎಂಬ ಗುಮಾಸ್ತ ಊರೆಲ್ಲ ಸಾಯುತ್ತಿರುವಾಗಲೂ ತನ್ನ ಕಾದಂಬರಿಯ ಮೊದಲ ವಾಕ್ಯವನ್ನೇ ತಿದ್ದುತ್ತಿರುತ್ತಾನೆ. ಈ ಮೂವರಿಗೂ ಯಾವ ಪರೀಕ್ಷೆಯ ಅಂಕಪಟ್ಟಿಯೂ ಬೇಕಾಗಲಿಲ್ಲ.

ವೈದ್ಯರು ಮತ್ತು ಮನೋವಿಜ್ಞಾನಿಗಳು ನಿಧಾನವಾಗಿ ಬಂದರು. 1908ರಲ್ಲಿ ಫ್ರಾಯ್ಡ್ ಅಚ್ಚುಕಟ್ಟು, ಜಿಪುಣತನ, ಮೊಂಡುತನ ಮೂರೂ ಒಟ್ಟಿಗೆ ಇರುವ ಸ್ವಭಾವವೊಂದನ್ನು ಗುರುತಿಸಿ, ಅದರ ಬೇರನ್ನು ಶೈಶವದ ಶೌಚದ ತರಬೇತಿಯಲ್ಲಿ ಹುಡುಕಿದ. ಇವತ್ತು ಆ ಬೇರನ್ನು ನಂಬುವವರು ಕಡಿಮೆ, ಮೂರು ಗುಣಗಳ ಗುಂಪು ಮಾತ್ರ ಉಳಿದಿದೆ. ಕರೆನ್ ಹಾರ್ನಿ 1950ರ ತನ್ನ ಪುಸ್ತಕದಲ್ಲಿ ‘ಹೀಗಿರಬೇಕು, ಹಾಗಿರಬೇಕು’ ಎಂಬ ಒಳಗಿನ ಕಟ್ಟಳೆಗಳ ದಬ್ಬಾಳಿಕೆಯನ್ನು ವಿವರಿಸಿದಳು. ಕಥೆಗಾರರಿಗೆ ಈ ಸಾಲಿನಲ್ಲಿ ಹೆಚ್ಚು ಒದಗುವವಳು ಅವಳೇ. ನಮೂನೆಯ ಹೆಸರು ಹೇಳಿ ನಿಲ್ಲದೆ, ಮನುಷ್ಯ ತನ್ನೊಳಗೇ ಕಟ್ಟಿಕೊಂಡ ಕಚೇರಿಯ ಆಜ್ಞೆಗಳನ್ನು ಕೇಳಿಸುತ್ತಾಳೆ. ಎನ್ನಿಯಾಗ್ರಾಮ್ ಬಂದದ್ದು ಬೇರೊಂದು ಹಾದಿಯಿಂದ. ಬೊಲಿವಿಯಾದ ಆಸ್ಕರ್ ಇಚಾಜೋ, ಚಿಲಿಯ ಮನೋವೈದ್ಯ ಕ್ಲೌಡಿಯೋ ನರಾಂಜೋ 1970ರ ಸುಮಾರಿಗೆ ಅದಕ್ಕೆ ಈಗಿನ ರೂಪ ಕೊಟ್ಟರು. 1980ರ ದಶಕದ ಕೊನೆಗೆ ಜನಪ್ರಿಯ ಪುಸ್ತಕಗಳು ಬಂದು ಅದು ಅಮೆರಿಕದ ಕಾದಂಬರಿ ಕಮ್ಮಟಗಳನ್ನು ಹೊಕ್ಕಿತು. ಅದಕ್ಕೆ ವೈಜ್ಞಾನಿಕ ಆಧಾರ ತೆಳು. ಮೈಯರ್ಸ್ ಪದ್ಧತಿಯದೂ ಅದೇ ಹಣೆಬರಹ. ಕೆಲವೇ ವಾರ ಬಿಟ್ಟು ಅದೇ ಪ್ರಶ್ನೆಗಳಿಗೆ ಉತ್ತರಿಸಿದರೆ ಅನೇಕರ ಅಕ್ಷರಗಳು ಬದಲಾಗಿಬಿಡುತ್ತವೆ. ವಿಶ್ವವಿದ್ಯಾಲಯದ ಮನೋವಿಜ್ಞಾನ ಬಗೆಗಳಿಗಿಂತ ಗುಣಾಂಶಗಳ ಕಡೆ ವಾಲಿತು. 1936ರಲ್ಲಿ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಸ್ವಭಾವ ಹೇಳುವ ಹದಿನೆಂಟು ಸಾವಿರದಷ್ಟು ಶಬ್ದ ಹೆಕ್ಕಿದರು. ಅವೇ ದಶಕಗಳ ಕಾಲ ಸೋಸಿ ಸೋಸಿ ಐದು ದೊಡ್ಡ ಗುಣಾಂಶಗಳಾದವು. ಅದರಲ್ಲಿ ಶಿಸ್ತು–ಶ್ರದ್ಧೆಯ ಅಂಶ ಯಾರಲ್ಲಿ ಎಷ್ಟು ಎಂದು ಅಳೆಯಬಹುದು. ಆದರೆ ಅಂಕಿಯಿಂದ ಕಥೆ ಹುಟ್ಟುವುದಿಲ್ಲ, ಆ ಮಾತು ಬೇರೆ.

ನನ್ನ ಓದಿನ ಪ್ರಕಾರ ಪರಿಪೂರ್ಣತೆಯ ಅಧ್ಯಯನಕ್ಕೆ ತಿರುವು ಬಂದದ್ದು 1978ರಿಂದ 1991ರ ನಡುವೆ. 1978ರಲ್ಲಿ ಮನೋವಿಜ್ಞಾನಿ ಹ್ಯಾಮಚೆಕ್ ಸಹಜ ಪರಿಪೂರ್ಣತೆಯನ್ನು ರೋಗದ ಪರಿಪೂರ್ಣತೆಯಿಂದ ಬೇರ್ಪಡಿಸಿದ. ಮೊದಲನೆಯವನಿಗೆ ಕೆಲಸ ಮುಗಿದಾಗ ಸಂತೋಷವಾಗುತ್ತದೆ, ಎರಡನೆಯವನಿಗೆ ಎಂದೂ ಆಗುವುದಿಲ್ಲ. 1990ರಲ್ಲಿ ಫ್ರಾಸ್ಟ್ ಮತ್ತು ಸಂಗಡಿಗರು ಇದನ್ನು ಹಲವು ಮಗ್ಗುಲುಗಳಲ್ಲಿ ಅಳೆಯುವ ಪಟ್ಟಿ ಕೊಟ್ಟರು: ತಪ್ಪಾದೀತೆಂಬ ಆತಂಕ, ಅಪ್ಪ–ಅಮ್ಮನ ನಿರೀಕ್ಷೆ, ಮಾಡಿದ ಕೆಲಸದ ಮೇಲೇ ಅನುಮಾನ. 1991ರಲ್ಲಿ ಕೆನಡಾದ ಹೆವಿಟ್ ಮತ್ತು ಫ್ಲೆಟ್ ದಿಕ್ಕಿನ ಪ್ರಶ್ನೆ ಎತ್ತಿದರು. ಹಟ ಯಾರ ಮೇಲೆ? ತನ್ನ ಮೇಲೆಯೇ, ಇನ್ನೊಬ್ಬರ ಮೇಲೆ, ಇಲ್ಲವೇ ಸಮಾಜ ತನ್ನ ಮೇಲೆ ಹೇರಿದೆ ಎಂಬ ಅನಿಸಿಕೆಯೇ? ಮೂರಕ್ಕೂ ಬೇರೆ ಬೇರೆ ಪರಿಣಾಮ. ಮುಂದೆ ಕರನ್ ಮತ್ತು ಹಿಲ್ ಎಂಬ ಸಂಶೋಧಕರು 1989ರಿಂದ 2016ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಅಮೆರಿಕ, ಕೆನಡಾ, ಬ್ರಿಟನ್‌ಗಳ 41,641 ಕಾಲೇಜು ವಿದ್ಯಾರ್ಥಿಗಳಲ್ಲಿ ಮೂರೂ ಏರುತ್ತ ಬಂದಿವೆ, ಸಮಾಜ ಹೇರಿದ ಮೂರನೆಯದು ಎಲ್ಲಕ್ಕಿಂತ ಹೆಚ್ಚು ಏರಿದೆ ಎಂದು ತೋರಿಸಿದರು. ಹಟವನ್ನು ಇಬ್ಬರ ನಡುವಿನ ಸಂಗತಿಯಾಗಿ ನೋಡಿದ್ದರಿಂದ ಇದು ನಮ್ಮ ಕಥನಕ್ಕೆ ಹತ್ತಿರದ ವಿಂಗಡಣೆ. ಮಾರಯ್ಯ ಮೊದಲ ದಿಕ್ಕು, ಲಕ್ಕಮ್ಮ ಎರಡನೆಯದು. ಮೂರನೆಯದನ್ನು ಕನ್ನಡದಲ್ಲಿ ಬರೆದವರು ಬಹುಪಾಲು ಹೆಂಗಸರು.

ಆ ಮಾತಿಗೆ ಬರುವ ಮೊದಲು ಒಂದು ಹೆಸರು. ವೈದ್ಯರಾಗಿದ್ದ ಎಂ. ಶಿವರಾಂ ‘ರಾಶಿ’ ಎಂಬ ಹೆಸರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿ ನಗಿಸಿದವರು. ಅವರೇ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಸಾಮಾನ್ಯ ಓದುಗರು ಮನೋವೈದ್ಯವನ್ನು ಸಾಹಿತ್ಯದ ಪಕ್ಕದಲ್ಲಿಟ್ಟು ಓದುವುದಕ್ಕೆ ಇಂಥ ಬರಹಗಳೇ ದಾರಿ ಮಾಡಿದವು. ಕಾದಂಬರಿಯಲ್ಲಿ ಅದಕ್ಕೂ ಮೊದಲೇ ತ್ರಿವೇಣಿ ಬಂದಿದ್ದರು. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ಒಳಗಾಗಿ, ವಾಸಿಯಾಗಿ ಮನೆಗೆ ಮರಳುತ್ತಾಳೆ. ಮನೆ ಅವಳಿಂದ ಒಂದು ಸಣ್ಣ ತಪ್ಪನ್ನೂ ಸಹಿಸುವುದಿಲ್ಲ. ಬೇರೆ ಯಾರಾದರೂ ಸಿಡುಕಿದರೆ ಅದು ಸಿಡುಕು, ಅವಳು ಸಿಡುಕಿದರೆ ಹುಚ್ಚು ಮರುಕಳಿಸಿದ ಲಕ್ಷಣ. ಹೆವಿಟ್ ಮತ್ತು ಫ್ಲೆಟ್ ಮೂರನೆಯ ದಿಕ್ಕಿಗೆ ಹೆಸರಿಡುವ ಸುಮಾರು ಮೂವತ್ತು ವರ್ಷ ಮೊದಲೇ ತ್ರಿವೇಣಿ ಅದನ್ನು ಬರೆದು ಮುಗಿಸಿದ್ದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ ನೋಡಿದವರಿಗೆ ಕಲ್ಪನಾ ನೆನಪಾಗುತ್ತಾರೆ. ಕಾದಂಬರಿಯ ಕಾವೇರಿ ಅದಕ್ಕಿಂತ ತಣ್ಣಗೆ, ಅದಕ್ಕಿಂತ ಚೂಪು.

1965 ಈ ಕಥೆಯ ದೊಡ್ಡ ವರ್ಷ. ಒಂದೇ ವರ್ಷದಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಬಂದವು. ಎರಡರ ಕೇಂದ್ರದಲ್ಲೂ ಪರಿಪೂರ್ಣತೆಯ ಸಾಧಕರಿದ್ದಾರೆ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯ ರೋಗಿಷ್ಠ ಭಾಗೀರಥಿಯನ್ನು ಮದುವೆಯಾದದ್ದೇ ತನ್ನ ತ್ಯಾಗ ಹದಗೊಳ್ಳಲಿ ಎಂದು. ಹೆಂಡತಿಯ ಕಾಯಿಲೆಯನ್ನು ತನ್ನ ಸಾಧನೆಯ ವೇದಿಕೆ ಮಾಡಿಕೊಂಡ ಮನುಷ್ಯ ಎಷ್ಟು ನಿರ್ಮಲ, ಎಷ್ಟು ಕ್ರೂರ ಎಂದು ಅನಂತಮೂರ್ತಿ ಬಾಯಿಬಿಟ್ಟು ಹೇಳುವುದಿಲ್ಲ. ಅವನನ್ನು ಅಳೆಯುವವನು ಅಗ್ರಹಾರದ ಕಟ್ಟಳೆ ಮೀರಿ ಬದುಕಿದ ನಾರಣಪ್ಪ, ಅದೂ ಸತ್ತ ಮೇಲೆ. ಹೆಣ ಕೊಳೆಯುತ್ತಿರುವಾಗ ಆಚಾರ್ಯ ಗ್ರಂಥದಲ್ಲಿ ಉತ್ತರ ಹುಡುಕುವ ಪುಟಗಳು ಪರಿಪೂರ್ಣತಾವಾದಿಯ ಒಂದು ಖಾಸ ಲಕ್ಷಣವನ್ನು ಬಯಲಿಗಿಡುತ್ತವೆ: ತಪ್ಪು ನಿರ್ಧಾರದ ಭಯದಲ್ಲಿ ನಿರ್ಧಾರವನ್ನೇ ಮುಂದೂಡುವುದು. ಯಾವ ನಮೂನೆ ಕೈಪಿಡಿಯೂ ಇದನ್ನು ಒಂದು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ. ಅನಂತಮೂರ್ತಿ ಇಡೀ ಅಗ್ರಹಾರವನ್ನು ಉಪವಾಸ ಕೆಡವಿ ಅದನ್ನು ಕಾಣಿಸಿದರು.

ಭೈರಪ್ಪನವರ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ಬೇರೆ ಕಾಠಿಣ್ಯದವರು. ಅವರು ಮುಂದೂಡುವುದಿಲ್ಲ. ಆಸೆ ಬಂದಾಗ ತಡೆಯುತ್ತಾರೆ, ಸೊಸೆ ಕಾತ್ಯಾಯಿನಿ ಮರುಮದುವೆಯಾಗಿ ಹೋದಾಗ ಕೆರಳದೆ ಮೊಮ್ಮಗನನ್ನು ಉಳಿಸಿಕೊಳ್ಳುತ್ತಾರೆ. ತಮ್ಮ ಹುಟ್ಟೇ ವಂಶದ ಗೆರೆಯಿಂದ ಹೊರಗಿನದು ಎಂದು ಹಳೆಯ ಕಾಗದಪತ್ರಗಳಿಂದ ತಿಳಿದ ಮೇಲೆ, ಯಾರೂ ಕೇಳದಿದ್ದರೂ ಆಸ್ತಿ ಬಿಟ್ಟು ಸಂನ್ಯಾಸಕ್ಕೆ ಹೊರಡುತ್ತಾರೆ. ತನ್ನ ಅಳತೆಗೋಲನ್ನು ತನ್ನ ಮೇಲೂ ಅಷ್ಟೇ ನಿಷ್ಠುರವಾಗಿ ಇಟ್ಟುಕೊಂಡ ಪಾತ್ರ. ಅದೇ ಕಾದಂಬರಿಯಲ್ಲಿ ಇತಿಹಾಸಕಾರ ಸದಾಶಿವರಾಯ ಇದ್ದಾನೆ. ಸಂಪುಟ ಮೇಲೆ ಸಂಪುಟ ಬರೆಯುವ ಮಹಾಗ್ರಂಥಕ್ಕಾಗಿ ಸಂಸಾರವನ್ನು ಒಡೆದುಕೊಂಡವನು. ವಿಮರ್ಶಕರು ಶ್ರೋತ್ರಿಯರ ಮೇಲೆ ಬರೆದದ್ದರಲ್ಲಿ ಕಾಲುಭಾಗವೂ ಇವನ ಮೇಲೆ ಬರೆದಿಲ್ಲ. ನನಗೆ ಇವನೇ ಹೆಚ್ಚು ಆಧುನಿಕ ಪಾತ್ರ, ಏಕೆಂದರೆ ಇವನ ಪರಿಪೂರ್ಣತೆಯ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ. ಭೈರಪ್ಪ ‘ಮಂದ್ರ’ದಲ್ಲಿ ಮತ್ತೆ ಇದೇ ಪ್ರಶ್ನೆಗೆ ಬಂದರು. ಸ್ವರ ಒಂದಿಷ್ಟೂ ಜಾರಬಾರದೆನ್ನುವ ಗಾಯಕ ಮೋಹನಲಾಲ ಬದುಕಿನಲ್ಲಿ ಎಲ್ಲವನ್ನೂ ಜಾರಿಸಿಕೊಳ್ಳುತ್ತಾನೆ. ಒಬ್ಬ ಮನುಷ್ಯ ಎಲ್ಲ ಕೋಣೆಗಳಲ್ಲೂ ಒಂದೇ ನಮೂನೆ ಆಗಿರಬೇಕಿಲ್ಲ. ಅಕ್ಷರಪಟ್ಟಿ ಹಿಡಿದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಗಿರೀಶ ಕಾರ್ನಾಡರ ‘ಹಯವದನ’ (1971) ಇದನ್ನೇ ನಗುತ್ತ ಹೇಳಿತು: ಒಬ್ಬನ ತಲೆ, ಇನ್ನೊಬ್ಬನ ಮೈ ಜೋಡಿಸಿ ಪರಿಪೂರ್ಣ ಗಂಡನನ್ನು ಪಡೆದ ಪದ್ಮಿನಿಗೆ, ತಲೆ ಮೈಯನ್ನು ತನ್ನಂತೆ ತಿದ್ದಿಕೊಳ್ಳುವವರೆಗೆ ಮಾತ್ರ ಸುಖ.

ನಮ್ಮ ಜಿಲ್ಲೆಗೆ ಮರಳಿದರೆ, ಮಾನ್ವಿ ತಾಲ್ಲೂಕಿನ ನುಗಡೋಣಿಯ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆ ಇದೆ. ಗಿರೀಶ ಕಾಸರವಳ್ಳಿ ಅದನ್ನು ‘ಕನಸೆಂಬೋ ಕುದುರೆಯನೇರಿ’ ಎಂದು ಸಿನಿಮಾ ಮಾಡಿದರು. ಕುಣಿ ತೋಡುವ ಈರ್ಯನಿಗೆ ಸಾವಿನ ಸುದ್ದಿ ಕನಸಲ್ಲಿ ಮೊದಲೇ ಬರುತ್ತದೆ. ಎಂದೂ ತಪ್ಪದ ಕನಸು ಒಂದು ದಿನ ತಪ್ಪಿದಂತಾಗುತ್ತದೆ, ಏಕೆಂದರೆ ದೊಡ್ಡಮನೆಯವರು ಸಾವನ್ನು ಮುಚ್ಚಿಟ್ಟಿದ್ದಾರೆ. ತನ್ನ ಕಸುಬಿನ ನಿಖರತೆಯನ್ನೇ ನಂಬಿ ಬದುಕಿದವನಿಗೆ ಆಗುವ ಕುಸಿತ ಇದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಈರ್ಯ ತಪ್ಪಿಲ್ಲ. ತಪ್ಪು ಮೇಲಿನವರದು, ಕುಸಿಯುವುದು ಕೆಳಗಿನವನು. ಜಾತಿ, ಜಮೀನು, ಅಧಿಕಾರ ಸೇರದೆ ನಮ್ಮ ಕಡೆಯ ಪರಿಪೂರ್ಣತಾವಾದಿಯನ್ನು ಬರೆಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗಾದರೆ ನಮೂನೆಗಳನ್ನು ಒಲೆಗೆ ಹಾಕಬೇಕೇ? ಬೇಡ. ಒಂದು ಕೆಲಸಕ್ಕೆ ಅವು ಖಂಡಿತ ಬರುತ್ತವೆ: ಬರೆದ ಪಾತ್ರ ಒಂದೇ ರಾಗ ಹಾಡುತ್ತಿದೆಯೇ ಎಂದು ಪರೀಕ್ಷಿಸಲು. ಮೊದಲ ಕರಡು ಮುಗಿದ ಮೇಲೆ, ಪಂಪ ಮಾಡಿದಂತೆ, ಕೊನೆಯಲ್ಲಿ ಗುಣದ ಹೆಸರು ಹಚ್ಚಿ ನೋಡಿ. ಹೆಸರು ಪೂರ್ತಿ ಕೂತುಬಿಟ್ಟರೆ ಪಾತ್ರದಲ್ಲಿ ಏನೋ ಕೊರತೆ ಇದೆ ಎಂದು ತಿಳಿಯಿರಿ. ವೈದ್ಯಕೀಯ ವಿಂಗಡಣೆಯಿಂದ ಕಲಿಯಬೇಕಾದ್ದೂ ಒಂದಿದೆ. ಗೀಳು ಕಾಯಿಲೆಯವನು ಮತ್ತೆ ಮತ್ತೆ ಕೈ ತೊಳೆಯುತ್ತ, ಅದು ಅತಿ ಎಂದು ತಾನೇ ಸಂಕಟಪಡುತ್ತಾನೆ. ಕಟ್ಟುನಿಟ್ಟಿನ ವ್ಯಕ್ತಿತ್ವದವನಿಗೆ ತನ್ನ ರೀತಿಯೇ ಸರಿ, ಲೋಕವೇ ತಪ್ಪು. ನಮ್ಮ ಕಥೆಗಳಲ್ಲಿ ಇವರಿಬ್ಬರನ್ನೂ ಬೆರೆಸಿ ‘ಮಡಿ ಹೆಂಗಸು’ ಎಂಬ ನಗೆಪಾಟಲಿನ ಪಾತ್ರ ಮಾಡುವುದು ಹಳೆಯ ಸೋಮಾರಿತನ.

ಇನ್ನು ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಈ ಮೂರು ತಾಲ್ಲೂಕುಗಳಲ್ಲಿ ಬರೆಯದೆ ಬಿಟ್ಟ ಪಾತ್ರಗಳು ಎಷ್ಟಿಲ್ಲ! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ. ಮಾದರಿಯನ್ನು ತೂಗಿ, ಸುಟ್ಟು, ಮತ್ತೆ ತೂಗುವ ಪ್ರಯೋಗಾಲಯದ ಕೆಲಸದಲ್ಲಿ ಕೂದಲೆಳೆಯ ತಪ್ಪು ದೊಡ್ಡ ತಪ್ಪು. ಮೂವತ್ತು ವರ್ಷ ಹಾಗೆ ತೂಗಿದವನು ಮನೆಗೆ ಬಂದು ಮಗನ ಅಂಕಪಟ್ಟಿಯನ್ನು ಹೇಗೆ ನೋಡುತ್ತಾನೆ? ಸಿಂಧನೂರಿನ ಭತ್ತದ ಗದ್ದೆಗಳು ತುಂಗಭದ್ರಾ ಎಡದಂಡೆ ನಾಲೆಯ ನೀರಿನವು. ನಾಲೆಯ ಗೇಜ್ ಕಾಯುವ ಗ್ಯಾಂಗ್‌ಮನ್‌ಗೆ ಮೇಲ್ಭಾಗದ ರೈತ ‘ಇನ್ನೊಂದಿಷ್ಟು ಬಿಡಪ್ಪಾ’ ಎಂದರೆ, ಕೊನೆ ಭಾಗದ ಮಾನ್ವಿ, ರಾಯಚೂರಿನವರು ನೀರು ಬರಲಿಲ್ಲವೆಂದು ರಸ್ತೆ ತಡೆಗೆ ಕೂರುತ್ತಾರೆ. ಅಲ್ಲಿ ಒಂದು ಅಂಗುಲಕ್ಕೂ ಹಟ ಮಾಡುವ ಮನುಷ್ಯನೊಬ್ಬನನ್ನು ನಿಲ್ಲಿಸಿದರೆ, ಲಕ್ಕಮ್ಮನ ಸಾಕು ಎಂಬ ಪ್ರಶ್ನೆ ಎಂಟು ಶತಮಾನದ ನಂತರ ನಾಲೆಯ ತೂಬಿನಲ್ಲಿ ಎದ್ದು ನಿಲ್ಲುತ್ತದೆ. ಸಿಂಧನೂರಿನ ಬಳಿಯ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದವರು ಅವರಲ್ಲಿದ್ದಾರೆ. ಒಂದು ಅಕ್ಷರ, ಒಂದು ತಾರೀಖು ತಪ್ಪಿದರೆ ಇಡೀ ಬದುಕೇ ತಪ್ಪಾಗುವ ಆತಂಕದಲ್ಲಿ ಕಾಗದ ಜೋಡಿಸಿಡುವ ಅಜ್ಜಿಯೊಬ್ಬಳ ಪರಿಪೂರ್ಣತೆ ಅವಳ ಸ್ವಭಾವದಿಂದ ಬಂದದ್ದಲ್ಲ, ಕಚೇರಿ ಕಲಿಸಿದ್ದು. ಯಾವ ಪರೀಕ್ಷೆ ಅವಳಿಗೆ ಯಾವ ಅಕ್ಷರ ಕೊಟ್ಟೀತು?

ಈ ಪಾತ್ರಗಳನ್ನು ಹೊರಗಿನಿಂದ ಬಂದವರು ಬರೆದರೆ ಪ್ರವಾಸಕಥನವಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಾಲೇಜುಗಳಲ್ಲಿ ಕಥೆ ಬರೆಯುತ್ತಿರುವ ಹುಡುಗ ಹುಡುಗಿಯರಿಗೆ ನನ್ನ ಮನವಿ ಇಷ್ಟೇ: ನಮೂನೆಯ ಪುಸ್ತಕ ಬೇಕಾದರೆ ಓದಿ, ಆದರೆ ಅದಕ್ಕೂ ಮೊದಲು ನಾಲೆಯ ದಂಡೆಯ ಗ್ಯಾಂಗ್‌ಮನ್ ಜೊತೆ ಒಂದು ಹೊತ್ತು ಕೂತು, ಅವನು ನೀರು ಬಿಡುವಾಗ ಯಾರಿಗೆ ಹೆದರುತ್ತಾನೆ ಎಂದು ಕೇಳಿ. ಅವನ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಕಥೆಯನ್ನು ನಾನಿನ್ನೂ ಓದಿಲ್ಲ.